ವಾರಾನ್ನದಿಂದ ಕನ್ನಡ ಕೂಟದವರೆಗೆ: ಬ್ರಹ್ಮಾವರ–ಕುಂದಾಪುರ ಸೀಮೆಯ ಪರಸ್ಥಳ ವಿದ್ಯಾರ್ಥಿ ಮತ್ತು ಆಸರೆಯ ಚರಿತ್ರೆ

ಪೀಠಿಕೆ

ವಿದ್ಯೆಗಾಗಿ ಊರು ಬಿಟ್ಟವರ ಚರಿತ್ರೆಯನ್ನು ಸಾಮಾನ್ಯವಾಗಿ ಶಾಲೆ, ಕಾಲೇಜು, ಪದವಿ ಹಾಗೂ ಉದ್ಯೋಗಗಳ ಚರಿತ್ರೆಯಾಗಿ ಬರೆಯಲಾಗಿದೆ. ಹೊಸ ಊರಿಗೆ ಬಂದಿಳಿದ ವಿದ್ಯಾರ್ಥಿ ಮೊದಲ ದಿನ ಎಲ್ಲಿ ಉಂಡ, ಯಾರ ಜಗಲಿಯಲ್ಲಿ ಮಲಗಿದ, ಯಾರ ಮಾತು ಅವನಿಗೆ ಅರ್ಥವಾಯಿತು ಎಂಬ ಪ್ರಶ್ನೆಗಳು ಶಿಕ್ಷಣ ಚರಿತ್ರೆಯ ಅಂಚಿನಲ್ಲಿಯೇ ಉಳಿದಿವೆ. ದಾಖಲೆಗಳು ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರನ್ನು ಕಾಣಿಸುತ್ತವೆಯೇ ಹೊರತು ಅವನಿಗೆ ಅನ್ನವಿಕ್ಕಿದ ಮನೆಯ ಹೆಸರನ್ನು ಕಾಣಿಸುವುದಿಲ್ಲ. ಈ ಎರಡನೆಯ ವಿಷಯ ಉಳಿದಿರುವುದು ಹೆಚ್ಚಾಗಿ ಜನರ ನೆನಪಿನಲ್ಲಿ, ಮಾತಿನಲ್ಲಿ, ಮನೆತನದ ಕಥನಗಳಲ್ಲಿ. ಆದುದರಿಂದ ಇದು ಇತಿಹಾಸಕ್ಕೆ ಎಷ್ಟು ಸಂಬಂಧಿಸಿದ ವಿಷಯವೋ ಜಾನಪದ ಅಧ್ಯಯನಕ್ಕೂ ಅಷ್ಟೇ ಸಂಬಂಧಿಸಿದ ವಿಷಯವಾಗಿದೆ.

ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ಸೀಮೆಯಿಂದ ಓದಲು ಹೊರಟವರು ಕಳೆದ ನೂರು ವರ್ಷಗಳಲ್ಲಿ ಮಂಗಳೂರು, ಮದರಾಸು ಮತ್ತು ಮುಂಬಯಿಗಳನ್ನು ದಾಟಿ ಅಮೆರಿಕದ ವಿಶ್ವವಿದ್ಯಾಲಯಗಳವರೆಗೆ ಹೋಗಿದ್ದಾರೆ. ಹೊಸಬನನ್ನು ಬರಮಾಡಿಕೊಂಡು ನೆಲೆಗೊಳಿಸುವ ಒಂದಲ್ಲ ಒಂದು ವ್ಯವಸ್ಥೆ ಈ ಎಲ್ಲ ಸ್ಥಳಗಳಲ್ಲಿಯೂ ರೂಪುಗೊಂಡಿತು. ಅಂತಹ ವ್ಯವಸ್ಥೆಗಳ ಸ್ವರೂಪವನ್ನೂ, ಅವು ಯಾರನ್ನು ಒಳಗೊಂಡವು ಮತ್ತು ಯಾರನ್ನು ಹೊರಗಿಟ್ಟವು ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ, ಹೊಳೆ ಮತ್ತು ಭಾಷೆ

ಇಂದಿನ ಬ್ರಹ್ಮಾವರ ಮತ್ತು ಬೈಂದೂರು ತಾಲ್ಲೂಕುಗಳು 2018ರಲ್ಲಿ ಅಸ್ತಿತ್ವಕ್ಕೆ ಬಂದವು. ಉಡುಪಿ ಜಿಲ್ಲೆ 1997ರಲ್ಲಿ ರಚನೆಯಾಯಿತು. ಅದಕ್ಕೂ ಮೊದಲು ಇಡೀ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಆ ಜಿಲ್ಲೆ ಮದರಾಸು ಆಡಳಿತದ ಭಾಗವಾಗಿತ್ತು. ಆಡಳಿತದ ಈ ನಕ್ಷೆಯೇ ವಿದ್ಯಾರ್ಥಿಯ ದಾರಿಯನ್ನು ನಿರ್ಧರಿಸಿತು. ಪ್ರಾಥಮಿಕ ಶಿಕ್ಷಣ ಊರಿನಲ್ಲಿ, ಪ್ರೌಢಶಿಕ್ಷಣ ಕುಂದಾಪುರ ಅಥವಾ ಉಡುಪಿಯಲ್ಲಿ, ಕಾಲೇಜು ಮಂಗಳೂರಿನಲ್ಲಿ, ಅದಕ್ಕೂ ಮೇಲಿನ ವ್ಯಾಸಂಗ ಮದರಾಸಿನಲ್ಲಿ ಎಂಬುದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಸಾಮಾನ್ಯ ಕ್ರಮವಾಗಿತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಗಿತ್ತು. ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ತೆರೆದದ್ದು 1949ರಲ್ಲಿ. ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜು ತೆರೆದದ್ದು 1963ರಲ್ಲಿ. ಅಂದರೆ ಮಂಗಳೂರಿಗೆ ಕಾಲೇಜು ಬಂದ ಎಂಬತ್ತು ವರ್ಷಗಳ ಅನಂತರವೂ ಕುಂದಾಪುರದ ಹುಡುಗ ಪದವಿಗಾಗಿ ಊರು ಬಿಡಬೇಕಾಗಿತ್ತು.

ದೂರವನ್ನು ಆ ಕಾಲದಲ್ಲಿ ಮೈಲಿಗಳಲ್ಲಿ ಅಳೆಯುವುದಕ್ಕಿಂತ ಹೊಳೆಗಳಲ್ಲಿ ಅಳೆಯುವುದು ಹೆಚ್ಚು ಯುಕ್ತವಾಗಿತ್ತು. ಗಂಗೊಳ್ಳಿಯ ಬಳಿ ಒಂದಾಗಿ ಸಮುದ್ರ ಸೇರುವ ಪಂಚಗಂಗಾವಳಿಯ ಹೊಳೆಗಳು, ಮಾಬುಕಳದ ಸೀತಾನದಿ, ಕಲ್ಯಾಣಪುರದ ಸುವರ್ಣಾ ನದಿ — ಇವುಗಳನ್ನು ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯಲ್ಲಿಯೇ ದಾಟಬೇಕಾಗಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹತ್ತಾರು ಮೈಲಿ ದೂರದ ಪಟ್ಟಣವೂ ಪರದೇಶವೇ. ದಿನವೂ ಮನೆಯಿಂದ ಹೋಗಿ ಬಂದು ಓದುವುದು ಅಸಾಧ್ಯವಾದುದರಿಂದ ಪಟ್ಟಣದಲ್ಲಿ ಒಂದು ಆಸರೆ ಹುಡುಕುವುದು ಅನಿವಾರ್ಯವಾಯಿತು.

ಹೊಳೆ ದಾಟಿದರೆ ಮಾತೂ ಬದಲಾಗುತ್ತಿತ್ತು. ಬಾರಕೂರು–ಬ್ರಹ್ಮಾವರದ ಆಸುಪಾಸು ಕುಂದಾಪುರ ಕನ್ನಡ ಮತ್ತು ತುಳು ಭಾಷೆಗಳು ಸಂಧಿಸುವ ಪ್ರದೇಶ. ಇಲ್ಲಿಂದ ದಕ್ಷಿಣಕ್ಕೆ ಹೋದ ಹುಡುಗ ಉಡುಪಿಯ ಪೇಟೆಯಲ್ಲಿ ತುಳುವನ್ನೂ ಮಂಗಳೂರಿನಲ್ಲಿ ತುಳುವಿನೊಂದಿಗೆ ಕೊಂಕಣಿಯನ್ನೂ ಕೇಳುತ್ತಿದ್ದ. ತರಗತಿಯಲ್ಲಿ ಇಂಗ್ಲಿಷು, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ. ಮನೆಯಲ್ಲಿ ಕಲಿತ ‘ಹ್ವಾಪ’, ‘ಬಪ್ಪ’ ಎಂಬ ರೂಪಗಳಿಗೆ ಇವೆರಡರಲ್ಲಿಯೂ ಸ್ಥಾನವಿರಲಿಲ್ಲ. ತನ್ನ ಮಾತಿಗೆ ನಗುವವರ ನಡುವೆ ಬಾಯಿ ತೆರೆಯಲು ಹಿಂಜರಿಯುವುದು ವಿದೇಶಕ್ಕೆ ಹೋದವರ ಅನುಭವ ಮಾತ್ರವಲ್ಲ. ಕುಂದಾಪುರದಿಂದ ಮಂಗಳೂರಿಗೆ ಹೋದವರ ಅನುಭವವೂ ಅದೇ ಆಗಿತ್ತು ಎಂಬುದನ್ನು ಗಮನಿಸಬೇಕು.

ವಾರಾನ್ನದ ಸ್ವರೂಪ

ಈ ಪರಿಸ್ಥಿತಿಯಲ್ಲಿ ಬಡ ವಿದ್ಯಾರ್ಥಿಗೆ ಒದಗಿದ ಅತ್ಯಂತ ಹಳೆಯ ಆಸರೆ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಪದ್ಧತಿಯಿದು. ಮೈಸೂರು, ಧಾರವಾಡ, ಪುಣೆ ಮೊದಲಾದ ವಿದ್ಯಾಕೇಂದ್ರಗಳಲ್ಲಿಯೂ ಇದು ಬಳಕೆಯಲ್ಲಿತ್ತು. ಕರಾವಳಿಯಲ್ಲಿ ಇದರ ಹಿನ್ನೆಲೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಆಳುಪರ ರಾಜಧಾನಿಯಾಗಿದ್ದು ವಿಜಯನಗರದ ಕಾಲದಲ್ಲಿ ಪ್ರಾಂತದ ಆಡಳಿತ ಕೇಂದ್ರವಾಗಿದ್ದ ಬಾರಕೂರಿನಲ್ಲಿ ದೇವಾಲಯ, ಮಠ ಮತ್ತು ಛತ್ರಗಳಿಗೆ ಭೂಮಿ ಹಾಗೂ ಅಕ್ಕಿಯನ್ನು ದತ್ತಿಯಾಗಿ ಬಿಡುವ ಕ್ರಮವಿತ್ತು. ಉಡುಪಿಯ ಅಷ್ಟಮಠಗಳ ಅನ್ನದಾನವೂ ಇದೇ ಪರಂಪರೆಯದು. ಛತ್ರದ ಅನ್ನ ದಾರಿಹೋಕನಿಗೆ ಒಂದೆರಡು ದಿನದ ಆಸರೆಯಾದರೆ, ವಾರಾನ್ನ ಅದೇ ದಾನವನ್ನು ಗೃಹಸ್ಥರ ಮನೆಗಳಿಗೆ ಹಂಚಿ ವರ್ಷಗಟ್ಟಲೆಯ ವ್ಯವಸ್ಥೆಯಾಗಿ ಮಾರ್ಪಡಿಸಿತು.

ಅದರ ಯುಕ್ತಿ ಸರಳವಾದುದು. ಒಬ್ಬ ಹುಡುಗನನ್ನು ಇಡೀ ವರ್ಷ ಸಾಕುವುದು ಒಂದು ಮನೆಗೆ ಭಾರ. ವಾರಕ್ಕೊಂದು ದಿನ ಒಂದು ಎಲೆ ಹೆಚ್ಚಿಗೆ ಹಾಕುವುದು ಭಾರವಲ್ಲ. ಮನೆಗಳನ್ನು ಗೊತ್ತುಮಾಡುವ ಕೆಲಸವನ್ನು ಸಾಮಾನ್ಯವಾಗಿ ಉಪಾಧ್ಯಾಯರೋ, ಊರಿನ ಪುರೋಹಿತರೋ, ಮೊದಲೇ ಬಂದು ನೆಲೆಸಿದ್ದ ಹಿರಿಯ ವಿದ್ಯಾರ್ಥಿಯೋ ಮಾಡುತ್ತಿದ್ದರು. ಓದು ಮುಗಿಸಿ ಹೊರಡುವ ಹುಡುಗ ತನ್ನ ವಾರದ ಮನೆಗಳನ್ನು ತನ್ನ ಊರಿನ ಕಿರಿಯನಿಗೆ ಬಿಟ್ಟುಕೊಡುವುದೂ ಉಂಟು. ಹಿಂದೆ ಬಂದವನು ಮುಂದೆ ಬರುವವನಿಗೆ ದಾರಿ ಮಾಡಿಕೊಡುವ ಈ ಕ್ರಮ ಮುಂದಿನ ಎಲ್ಲ ವ್ಯವಸ್ಥೆಗಳಲ್ಲಿಯೂ ಮರುಕಳಿಸುತ್ತದೆ.

ವಾರಾನ್ನಕ್ಕೆ ಬರೆಯದ ನಿಯಮಗಳಿದ್ದವು. ಮನೆಯಲ್ಲಿ ಸೂತಕ ಬಂದರೆ ಆ ದಿನದ ಊಟವಿಲ್ಲ. ಮನೆಯವರು ಪರಊರಿಗೆ ಹೋದರೂ ಇಲ್ಲ. ಏಕಾದಶಿಯಂದು ಮಾಧ್ವರ ಮನೆಗಳಲ್ಲಿ ಉಪವಾಸವಾದುದರಿಂದ ಆ ದಿನದ ಮನೆ ಅಂತಹುದಾಗಿದ್ದರೆ ಹುಡುಗನಿಗೂ ಉಪವಾಸವೇ. ಅನ್ನಕ್ಕೆ ಪ್ರತಿಯಾಗಿ ಹಣ ಕೊಡುವಂತಿರಲಿಲ್ಲ. ಆದರೆ ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ಕೊಯ್ದು ತರುವುದು, ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಕಾಗದ ಬರೆದುಕೊಡುವುದು ಇವೇ ಮೊದಲಾದ ಕೆಲಸಗಳನ್ನು ಯಾರೂ ಹೇಳದೆಯೇ ಮಾಡಬೇಕಾಗಿತ್ತು. ದಾನವೆಂದು ಕರೆಯಲಾಗುತ್ತಿದ್ದ ಈ ವ್ಯವಹಾರದಲ್ಲಿ ದುಡಿಮೆಯ ಅಂಶವೂ ಸೇರಿತ್ತೆಂಬುದು ಸ್ಪಷ್ಟ.

ವಾರಾನ್ನದ ನೆನಪುಗಳಲ್ಲಿ ಎರಡು ದನಿಗಳಿವೆ. ಮೊದಲನೆಯದು ಋಣದ ದನಿ: ಇಂತಹ ಮನೆಯ ಅನ್ನದಿಂದ ತಾನು ಮನುಷ್ಯನಾದೆ ಎಂಬ ಕೃತಜ್ಞತೆ. ಎರಡನೆಯದು ಅವಮಾನದ ದನಿ: ಎಲೆಯ ಮುಂದೆ ಕುಳಿತು ಎರಡನೆಯ ಬಾರಿ ಅನ್ನ ಕೇಳಲಾರದ ಸಂಕೋಚ, ಬಡಿಸುವವರ ಮುಖ ನೋಡಿ ಹಸಿವನ್ನು ಅಳೆದುಕೊಳ್ಳುವ ಅಭ್ಯಾಸ. ಇವೆರಡೂ ಒಬ್ಬನದೇ ನೆನಪಿನಲ್ಲಿ ಒಟ್ಟಿಗೆ ಇರಬಲ್ಲವು. ಇವುಗಳಲ್ಲಿ ಒಂದನ್ನು ಮಾತ್ರ ಆಯ್ದುಕೊಂಡು ವಾರಾನ್ನವನ್ನು ವೈಭವೀಕರಿಸುವುದಾಗಲಿ ಖಂಡಿಸುವುದಾಗಲಿ ಸಮಂಜಸವಲ್ಲ.

ಊರು ಬಿಟ್ಟು ಓದಲು ಹೋದವರ ಒಳಗಿನ ಬದುಕನ್ನು ಈ ಸೀಮೆಯವರೇ ಆದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. 1902ರಲ್ಲಿ ಕೋಟದಲ್ಲಿ ಜನಿಸಿದ ಕಾರಂತರು ಕುಂದಾಪುರದಲ್ಲಿ ಓದಿ ಮಂಗಳೂರಿನಲ್ಲಿ ಕಾಲೇಜು ಸೇರಿ, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅದನ್ನು ಬಿಟ್ಟವರು. ಕೋಡಿಯ ಕಡಲತೀರದ ಮೂರು ತಲೆಮಾರುಗಳ ಈ ಕಥೆಯಲ್ಲಿ ಇಂಗ್ಲಿಷು ಕಲಿಯಲು ಹೋದ ಲಚ್ಚ ದಾರಿ ತಪ್ಪುತ್ತಾನೆ. ಅವನ ಮಗ ರಾಮ ಓದಿ, ಅಲೆದು, ಮರಳಿ ಊರಿಗೆ ಬರುತ್ತಾನೆ. ಹೊರಗೆ ಹೋದ ಮಗನನ್ನು ಕಣ್ಣಿಟ್ಟು ನೋಡುವವರು ಯಾರು ಎಂಬ ಪ್ರಶ್ನೆ ಆ ಕಾಲದ ತಂದೆತಾಯಂದಿರ ದೊಡ್ಡ ಚಿಂತೆಯಾಗಿತ್ತೆಂಬುದಕ್ಕೆ ಈ ಕಾದಂಬರಿ ಸಾಕ್ಷಿಯಾಗಿದೆ. ವಾರಾನ್ನದ ಮನೆಗಳು ಅನ್ನದೊಂದಿಗೆ ಆ ಕಣ್ಣನ್ನೂ ಒದಗಿಸುತ್ತಿದ್ದವು.

ಪಂಕ್ತಿಯ ಹೊರಗೆ ಉಳಿದವರು

ವಾರಾನ್ನದ ಮಿತಿ ಅದರ ಮೂಲದಲ್ಲಿಯೇ ಇದೆ. ಒಟ್ಟಿಗೆ ಕುಳಿತು ಉಣ್ಣಬಲ್ಲವರಿಗೆ ಮಾತ್ರ ಅದು ದೊರೆಯುತ್ತಿತ್ತು. ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳು ಒದಗಿಸಿದ ಸೌಲಭ್ಯ. ಮೊಗವೀರ, ಬಿಲ್ಲವ ಮೊದಲಾದ ಸಮುದಾಯಗಳ ಹುಡುಗನಿಗೆ ಪಟ್ಟಣದಲ್ಲಿ ನೆಂಟರ ಮನೆಯಿದ್ದರೆ ಓದು ಉಂಟು, ಇಲ್ಲದಿದ್ದರೆ ಇಲ್ಲ. ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳ ಹುಡುಗನಿಗೆ ಜಗಲಿಯೂ ಮುಚ್ಚಿತ್ತು. ಹೆಣ್ಣುಮಕ್ಕಳಿಗಂತೂ ಪರರ ಮನೆಯಲ್ಲಿ ವಾರ ಹಚ್ಚಿಕೊಂಡು ಓದುವುದು ಊಹೆಗೂ ಮೀರಿದ ಸಂಗತಿ. ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು 1921ರಲ್ಲಿಯೇ ಆರಂಭವಾದರೂ ಕುಂದಾಪುರದ ಹುಡುಗಿ ಅಲ್ಲಿಗೆ ತಲುಪಬೇಕಾದರೆ ಬಂಧುಗಳ ಮನೆ ಅಥವಾ ವಿದ್ಯಾರ್ಥಿನಿಲಯ ಬೇಕಾಗಿತ್ತು.

ಈ ಕೊರತೆಯನ್ನು ಗುರುತಿಸಿ ಬೇರೊಂದು ಮಾದರಿಯನ್ನು ಕಟ್ಟಿದವರಲ್ಲಿ ಕುದ್ಮುಲ್ ರಂಗರಾಯರು (1859–1928) ಪ್ರಮುಖರು. 1897ರಲ್ಲಿ ಅವರು ಮಂಗಳೂರಿನಲ್ಲಿ ದಲಿತರ ಶಿಕ್ಷಣ ಮತ್ತು ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ, ಊಟ ಮತ್ತು ವಸತಿ ಇದ್ದರೆ ಮಾತ್ರ ಓದು ಮುಂದುವರಿಯುತ್ತದೆ ಎಂಬುದನ್ನು ಅವರು ಕಾರ್ಯರೂಪದಲ್ಲಿ ತೋರಿಸಿದರು. ಅದಕ್ಕಾಗಿ ಸ್ವಂತ ಸಮಾಜದ ಬಹಿಷ್ಕಾರವನ್ನೂ ಎದುರಿಸಿದರು. ಒಂದು ಮನೆಯ ದಯೆಯನ್ನು ಅವಲಂಬಿಸಿದ ಅನ್ನ ಮತ್ತು ಒಂದು ಸಂಸ್ಥೆ ಕೊಡುವ ಅನ್ನ ಇವೆರಡರ ನಡುವಿನ ಅಂತರ ಇಲ್ಲಿಂದ ಸ್ಪಷ್ಟವಾಗತೊಡಗಿತು. ಮುಂದೆ ಸರ್ಕಾರದ ವಿದ್ಯಾರ್ಥಿನಿಲಯಗಳು ಇದನ್ನು ಹಕ್ಕಿನ ರೂಪಕ್ಕೆ ತಂದವು.

ವಾರಾನ್ನ ಕ್ಷೀಣಿಸಿದ್ದಕ್ಕೆ ಕಾರಣಗಳು ಹಲವು. ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವ ಮತ್ತು ಪಡಿತರ ಮನೆಗಳ ಶಕ್ತಿಯನ್ನು ಕುಗ್ಗಿಸಿದವು. ಅನಂತರ ಸೇತುವೆಗಳು ಮತ್ತು ಬಸ್ಸುಗಳು ಬಂದು ದಿನವೂ ಮನೆಯಿಂದ ಹೋಗಿ ಬರುವುದು ಸಾಧ್ಯವಾಯಿತು. ಕಾಲೇಜುಗಳು ಹತ್ತಿರಕ್ಕೆ ಬಂದವು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಅಕ್ಕಿಯನ್ನು ನೆಚ್ಚಿದ್ದ ಮನೆಗಳ ಕಣಜ ಬರಿದಾಯಿತು. ಈ ಕೊನೆಯ ಅಂಶ ವಿಶೇಷ ಗಮನಕ್ಕೆ ಅರ್ಹವಾದುದು. ವಾರದ ಎಲೆಗೆ ಬೀಳುತ್ತಿದ್ದ ಅನ್ನದ ಹಿಂದೆ ಗೇಣಿದಾರನ ದುಡಿಮೆಯಿತ್ತು. ಆತನ ಮಗನಿಗೆ ಆ ಪಂಕ್ತಿಯಲ್ಲಿ ಸ್ಥಳವಿರಲಿಲ್ಲ. ಗೇಣಿ ನಿಂತ ಮೇಲೆ ಆ ಹೊಲದ ಅಕ್ಕಿ ಆತನ ಮಗನ ಓದಿಗೆ ಒದಗತೊಡಗಿತು.

ಮುಂಬಯಿಯ ರಾತ್ರಿಶಾಲೆಗಳು

ಪಂಕ್ತಿಯ ಹೊರಗೆ ಉಳಿದವರು ಮತ್ತು ಪಂಕ್ತಿಯೊಳಗಿದ್ದೂ ಓದಲಾರದ ಬಡವರು ಹಿಡಿದ ಇನ್ನೊಂದು ದಾರಿ ಮುಂಬಯಿಯದು. ಹೋಟೆಲು, ಬಂದರು, ಗಿರಣಿಗಳಲ್ಲಿ ಹಗಲು ದುಡಿದು ರಾತ್ರಿ ಓದುವ ಕ್ರಮವನ್ನು ಅಲ್ಲಿನ ಕರಾವಳಿಯ ಸಂಘಗಳು ರೂಪಿಸಿದವು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು ನಡೆಸಿದ ಉಚಿತ ರಾತ್ರಿಶಾಲೆ ಇವುಗಳಲ್ಲಿ ಹಳೆಯದು. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳೂ ಮುಂದಿನ ದಶಕಗಳಲ್ಲಿ ಈ ಕಾರ್ಯದಲ್ಲಿ ತೊಡಗಿದವು.

ಮುಂಬಯಿಗೆ ಬಂದಿಳಿದ ಹುಡುಗನನ್ನು ಊರಿನವರೊಬ್ಬರು ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಸೇರಿಸುತ್ತಿದ್ದರು. ಹೋಟೆಲೇ ಅವನಿಗೆ ಊಟದ ಮನೆ, ಮಲಗುವ ಜಾಗ ಮತ್ತು ಹಿಂದಿ, ಮರಾಠಿಗಳನ್ನು ಕಲಿಸುವ ಪಾಠಶಾಲೆ. ಮಾಲೀಕ ಸಂಜೆ ಎರಡು ಗಂಟೆಯ ಬಿಡುವು ಕೊಟ್ಟರೆ ಓದು, ಕೊಡದಿದ್ದರೆ ಓದಿಲ್ಲ. ವಾರಾನ್ನದ ಹುಡುಗನಂತೆ ಇವನೂ ಪರರ ಅನ್ನದಲ್ಲಿದ್ದ, ಆದರೆ ದುಡಿದು ಉಣ್ಣುತ್ತಿದ್ದುದರಿಂದ ಸಂಕೋಚ ಕಡಿಮೆ, ಆಯಾಸ ಹೆಚ್ಚು. ಜಾತಿ ಸಂಘಗಳು ನಡೆಸಿದ ಶಾಲೆಗಳಾದರೂ ರಾತ್ರಿಶಾಲೆಯ ಬೆಂಚಿನಲ್ಲಿ ಬೇರೆ ಬೇರೆ ಸಮುದಾಯದ ಹುಡುಗರು ಒಟ್ಟಿಗೆ ಕುಳಿತರು. ಊರಿನಲ್ಲಿ ಸಾಧ್ಯವಾಗದ ಈ ಸಹವಾಸ ಪರಊರಿನಲ್ಲಿ ಸಾಧ್ಯವಾಯಿತು.

ಸೀಮೆಗೆ ಬಂದ ಪರದೇಶಿ ವಿದ್ಯಾರ್ಥಿಗಳು

ಹೊರಗೆ ಹೋದವರ ಚರಿತ್ರೆಯೊಂದಿಗೆ ಒಳಗೆ ಬಂದವರ ಚರಿತ್ರೆಯನ್ನೂ ನೋಡಬೇಕು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಈ ಕರಾವಳಿಗೆ ದೂರದೂರದ ವಿದ್ಯಾರ್ಥಿಗಳು ಬರತೊಡಗಿದರು. 1997ರಲ್ಲಿ ಮೆಲಕ ಮಣಿಪಾಲ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ ಮಲೇಷಿಯಾದ ಯುವಕ ಯುವತಿಯರು ವ್ಯಾಸಂಗದ ಮೊದಲ ಭಾಗವನ್ನು ಮಣಿಪಾಲದಲ್ಲಿ ಕಳೆಯುವ ಕ್ರಮ ಬಂತು. ಇವರನ್ನು ಬರಮಾಡಿಕೊಂಡದ್ದು ಗೃಹಸ್ಥರ ಜಗಲಿಯಲ್ಲ. ವಿದ್ಯಾರ್ಥಿನಿಲಯ, ಭೋಜನಾಲಯ, ಬಾಡಿಗೆ ಕೋಣೆ. ಆತಿಥ್ಯ ಇಲ್ಲಿ ವೃತ್ತಿಯಾಯಿತು.

ಯಕ್ಷಗಾನ ಕಲಿಯಲು ಬಂದವರ ವಿಷಯ ಬೇರೆ. ಅಮೆರಿಕದ ಮಾರ್ತಾ ಆಶ್ಟನ್ 1970ರ ಆಸುಪಾಸಿನಲ್ಲಿ ಉಡುಪಿಗೆ ಬಂದು ಮದ್ದಳೆಯ ಗುರು ಹಿರಿಯಡಕ ಗೋಪಾಲ ರಾಯರಲ್ಲಿ ಬಡಗುತಿಟ್ಟಿನ ಯಕ್ಷಗಾನವನ್ನು ಅಭ್ಯಾಸ ಮಾಡಿದರು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಅವರು ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಪ್ರಕಟವಾಯಿತು. ಗೋಪಾಲ ರಾಯರೂ ಮುಂದೆ ಅಮೆರಿಕಕ್ಕೆ ಹೋಗಿ ಕಲಿಸಿ ಬಂದರು. ತುಳುನಾಡಿನ ಜಾನಪದವನ್ನು ಅಧ್ಯಯನ ಮಾಡಿದ ಪೀಟರ್ ಕ್ಲಾಸ್ ಮತ್ತು ಫಿನ್ಲೆಂಡಿನ ಲೌರಿ ಹಾಂಕೊ ಅವರೂ ಇಲ್ಲಿನ ಜನರ ನೆರವಿನಿಂದಲೇ ಕೆಲಸ ಮಾಡಿದವರು. ನೆಲದ ಮೇಲೆ ಕುಳಿತು ಕುಚ್ಚಲಕ್ಕಿ ಅನ್ನ ಉಣ್ಣುವುದು, ಹಿರಿಯರ ಮುಂದೆ ಹೇಗೆ ನಿಲ್ಲಬೇಕು, ಯಾವ ಕಟ್ಟೆಯ ಮೇಲೆ ಚಪ್ಪಲಿ ಹಾಕಿ ಹತ್ತಬಾರದು ಎಂಬಂತಹ ತಿಳಿವಳಿಕೆಯನ್ನು ಪರದೇಶಿ ವಿದ್ಯಾರ್ಥಿಗೆ ಪುಸ್ತಕ ಕೊಡಲಾರದು. ಗುರುವಿನ ಮನೆ ಮತ್ತು ನೆರೆಹೊರೆ ಕೊಡುತ್ತವೆ.

ಅಮೆರಿಕದ ಆವರಣ

ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಯನ್ನು ನೆಲೆಗೊಳಿಸುವ ಸಂಘಟಿತ ಪ್ರಯತ್ನವೂ ಸುಮಾರು ಮುಂಬಯಿಯ ರಾತ್ರಿಶಾಲೆಗಳಷ್ಟೇ ಹಳೆಯದು. 1911ರಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ವಿದೇಶಿ ವಿದ್ಯಾರ್ಥಿಗಳೊಡನೆ ಸ್ನೇಹ ಬೆಳೆಸುವ ಸಮಿತಿಯೊಂದು ಆರಂಭವಾಯಿತು. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಟರ್‌ನ್ಯಾಷನಲ್ ಹೌಸ್ ತೆರೆಯಿತು. 1948ರಲ್ಲಿ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿ ಸಲಹೆಗಾರರು ‘ನಾಫ್ಸಾ’ ಎಂಬ ಸಂಘ ಕಟ್ಟಿಕೊಂಡರು. ಭಾರತ ಮತ್ತು ಅಮೆರಿಕಗಳ ನಡುವಿನ ಫುಲ್‌ಬ್ರೈಟ್ ಒಪ್ಪಂದ 1950ರಲ್ಲಿ ಜಾರಿಗೆ ಬಂತು. ಕನ್ನಡ ಜಾನಪದಕ್ಕೆ ಅಪಾರ ಕೊಡುಗೆ ನೀಡಿದ ಎ.ಕೆ. ರಾಮಾನುಜನ್ 1959ರಲ್ಲಿ ಈ ಯೋಜನೆಯ ಮೂಲಕವೇ ಅಮೆರಿಕಕ್ಕೆ ಹೋಗಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿದರು. 1965ರ ವಲಸೆ ಕಾನೂನಿನ ಅನಂತರ ಭಾರತದ ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ಹೋಗತೊಡಗಿದರು. ಕರಾವಳಿಯವರೂ ಅವರಲ್ಲಿ ಸೇರಿದ್ದರು. 2023–24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602ಕ್ಕೆ ಏರಿ, ಯಾವುದೇ ದೇಶದ ವಿದ್ಯಾರ್ಥಿಗಳಿಗಿಂತ ಅಧಿಕವಾಯಿತು.

ವಿಶ್ವವಿದ್ಯಾಲಯದ ಕಚೇರಿ ಹೊಸಬನಿಗೆ ವೀಸಾದ ನಿಯಮ, ತರಗತಿಯ ನೋಂದಣಿ, ಆರೋಗ್ಯ ವಿಮೆಗಳನ್ನು ತಿಳಿಸುತ್ತದೆ. ಶೈಕ್ಷಣಿಕ ಅವಧಿಯಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬ ಕಟ್ಟಳೆಯನ್ನೂ ಹೇಳುತ್ತದೆ. ಆದರೆ ವಿಮಾನ ನಿಲ್ದಾಣದಿಂದ ಕರೆತರುವುದು, ಕೋಣೆ ಸಿಗುವವರೆಗೆ ನೆಲದ ಮೇಲೊಂದು ಹಾಸಿಗೆ ಕೊಡುವುದು, ಅಕ್ಕಿ ಬೇಳೆ ಸಿಗುವ ಅಂಗಡಿ ತೋರಿಸುವುದು, ಚಳಿಗಾಲದ ಕೋಟು ಯಾವಾಗ ಕೊಳ್ಳಬೇಕೆಂದು ಹೇಳುವುದು — ಈ ಕೆಲಸಗಳು ಹೆಚ್ಚಾಗಿ ಹಿರಿಯ ವಿದ್ಯಾರ್ಥಿಗಳ, ಭಾರತೀಯ ವಿದ್ಯಾರ್ಥಿ ಸಂಘಗಳ ಮತ್ತು ಕನ್ನಡ ಕೂಟಗಳ ಪಾಲಿಗೆ ಬಂದಿವೆ. ಪದವಿ ಮುಗಿಸಿ ಹೊರಡುವವನು ಪಾತ್ರೆ, ಮೇಜು, ಹಾಸಿಗೆಗಳನ್ನು ಹೊಸಬನಿಗೆ ಬಿಟ್ಟುಹೋಗುವ ರೂಢಿ ವಾರದ ಮನೆಗಳನ್ನು ಕಿರಿಯನಿಗೆ ಬಿಟ್ಟುಕೊಡುತ್ತಿದ್ದ ರೂಢಿಯನ್ನು ಹೋಲುತ್ತದೆ.

ವ್ಯತ್ಯಾಸವೂ ಇದೆ. ವಾರಾನ್ನದಲ್ಲಿ ಕೊಡುವವನು ಊರಿನ ನಿವಾಸಿ, ಪಡೆಯುವವನು ಪರಸ್ಥಳದವನು. ಅಮೆರಿಕದ ಆವರಣದಲ್ಲಿ ಕೊಡುವವನೂ ಒಂದೆರಡು ವರ್ಷದ ಹಿಂದೆ ಬಂದವನೇ. ಆದುದರಿಂದ ಅವಮಾನ ಕಡಿಮೆ. ಆದರೆ ಆ ನೆರವು ಆತನನ್ನು ತನ್ನವರ ವಲಯದೊಳಗೆ ಉಳಿಸಿಕೊಳ್ಳುವ ಸಾಧ್ಯತೆಯೂ ಇದೆ. ಮಂಗಳೂರಿನ ಹುಡುಗ ವಾರದ ಮನೆಗಳಲ್ಲಿ ಉಣ್ಣುತ್ತ ತುಳುವನ್ನು ಕಲಿತುಬಿಡುತ್ತಿದ್ದ. ನಾಲ್ವರು ಸ್ವದೇಶೀಯರೊಡನೆ ಒಂದೇ ಮನೆಯಲ್ಲಿರುವ ವಿದ್ಯಾರ್ಥಿ ಆ ದೇಶದ ಒಂದು ಮನೆಯ ಹೊಸ್ತಿಲನ್ನೂ ದಾಟದೆ ಪದವಿ ಪಡೆಯಬಹುದು. ಜೊತೆಗೆ, ಅನ್ನದ ಋಣದ ಸ್ಥಾನವನ್ನು ಬ್ಯಾಂಕಿನ ಶಿಕ್ಷಣ ಸಾಲ ಆಕ್ರಮಿಸಿದೆ. ಮೊದಲನೆಯದಕ್ಕೆ ಅವಧಿಯಿರಲಿಲ್ಲ, ಎರಡನೆಯದಕ್ಕೆ ಬಡ್ಡಿಯೂ ಅವಧಿಯೂ ಉಂಟು.

ಪಂಕ್ತಿಯ ಪ್ರಶ್ನೆ ಸಮುದ್ರ ದಾಟಿದ ಮೇಲೆಯೂ ಮುಗಿದಿಲ್ಲ. ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳ ನಡುವೆ ಜಾತಿಭೇದ ಇದೆಯೆಂಬ ದೂರುಗಳ ಹಿನ್ನೆಲೆಯಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ತಮ್ಮ ತಾರತಮ್ಯ ವಿರೋಧಿ ನಿಯಮಗಳಲ್ಲಿ ಜಾತಿಯನ್ನು ಸೇರಿಸಿದವು. ಊಟ, ಕೋಣೆ, ಸ್ನೇಹ — ಹೊಸಬ ನೆಲೆಗೊಳ್ಳುವುದು ಈ ಮೂರರ ಮೂಲಕ. ಭೇದ ಕಾಣಿಸಿಕೊಳ್ಳುವುದೂ ಈ ಮೂರರಲ್ಲಿಯೇ. ವಾರಾನ್ನದ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪರಸ್ಥಳದ ವಿದ್ಯಾರ್ಥಿಗೆ ದೊರೆಯುವ ಆಸರೆ ಎಲ್ಲ ಕಾಲದಲ್ಲಿಯೂ ಅನ್ನದಿಂದ ಆರಂಭವಾಗಿದೆ. ಶಾಲೆಯ ಬಾಗಿಲು ತೆರೆದಿದ್ದರೂ ಅನ್ನದ ಬಾಗಿಲು ಮುಚ್ಚಿದ್ದರೆ ವಿದ್ಯೆ ದೊರೆತಿಲ್ಲ. ಎರಡು, ಮೊದಲು ಬಂದವನು ಆಮೇಲೆ ಬಂದವನನ್ನು ಕೈಹಿಡಿಯುವ ಕ್ರಮ ವಾರಾನ್ನ, ಮುಂಬಯಿಯ ಹೋಟೆಲು ಮತ್ತು ಅಮೆರಿಕದ ಕೂಟಗಳಲ್ಲಿ ಒಂದೇ ಬಗೆಯಾಗಿ ಮುಂದುವರಿದಿದೆ. ಮೂರು, ಈ ಕೈ ಯಾರನ್ನು ತನ್ನವನೆಂದು ಗುರುತಿಸಿತೋ ಅವರನ್ನು ಮಾತ್ರ ಹಿಡಿದಿದೆ. ಆ ಗುರುತಿನ ಹೊರಗೆ ಉಳಿದವರಿಗೆ ವಿದ್ಯಾರ್ಥಿನಿಲಯ, ರಾತ್ರಿಶಾಲೆ ಮತ್ತು ಲಿಖಿತ ನಿಯಮಗಳು ಅಗತ್ಯವಾದವು. ಮನೆಯ ಅಕ್ಕರೆ ಮತ್ತು ಸಂಸ್ಥೆಯ ಸಮಾನತೆ ಇವುಗಳಲ್ಲಿ ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ವಾರಾನ್ನ ಉಂಡು ಓದಿದ ತಲೆಮಾರಿನವರು ಈಗ ಬಹಳ ವಿರಳವಾಗಿದ್ದಾರೆ. ಅನ್ನವಿಕ್ಕಿದ ಮನೆಗಳ ಗೃಹಿಣಿಯರು ಇನ್ನೂ ವಿರಳ. ವಿದ್ಯಾರ್ಥಿಗಳ ಆತ್ಮಕಥನಗಳು ಅಲ್ಲಲ್ಲಿ ಪ್ರಕಟವಾಗಿವೆಯಾದರೂ ವಾರದ ಎಲೆಗೆ ಬಡಿಸಿದ ಹೆಂಗಸರ, ಆ ಅಕ್ಕಿಯನ್ನು ಬೆಳೆದ ಗೇಣಿದಾರರ ಮತ್ತು ಆಸರೆ ಸಿಗದೆ ಓದು ಬಿಟ್ಟು ಊರಿಗೆ ಮರಳಿದ ಹುಡುಗರ ಮಾತುಗಳು ಬರಹಕ್ಕೆ ಬಂದದ್ದು ಕಡಿಮೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಹಳ್ಳಿಗಳಲ್ಲಿ ಈ ಮೂರು ಬಗೆಯ ನೆನಪುಗಳನ್ನು ಅವರವರ ಮಾತಿನಲ್ಲಿಯೇ ಧ್ವನಿಮುದ್ರಿಸಿ ಸಂಗ್ರಹಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ವಿಳಂಬವಿಲ್ಲದೆ ಕೈಗೊಳ್ಳಬೇಕಾಗಿದೆ.